ಚೊಗರಲ್ಲ ಅಂದವಳಿಗೆ

ಅಂಗಾಲಿನ ಮಚ್ಚೆಯ ಕ್ಯಾನ್ಸರಿಗೆ ಆಪರೇಷನ್ ಆಗಿ ಮೊನ್ನೆಗೆ ಒಂದು ವರ್ಷ ತುಂಬಿತು. ಶಿವಮೊಗ್ಗಕ್ಕೆ ಹೋಗಿ ತೋರಿಸಿಕೊಂಡು ಬಂದೆ. ಡಾಕ್ಟರು ಅಂಗಾಲು ನೋಡಿದರು. ತೊಡೆಸಂದಿಯಲ್ಲಿ ಗಂಟು ಇದೆಯಾ ಅಂತ ಒತ್ತಿ ನೋಡಿದರು. ಮೈಮೇಲಿನ ಉಳಿದ ಮಚ್ಚೆಗಳನ್ನೂ ಒಂದೊಂದಾಗಿ ನೋಡಿ, "ಏನೂ ಇಲ್ಲಮ್ಮ, ಇನ್ನು ಆರು ತಿಂಗಳು ಬಿಟ್ಟು ಬನ್ನಿ" ಅಂದರು. ತೀರ್ಥಹಳ್ಳಿ ಬಸ್ಸು ಮಂಡಗದ್ದೆ ದಾಟುವಾಗ, ಯಾರ್ಯಾರ ಋಣ ನನ್ನ ಮೇಲಿದೆ ಅಂತ ಲೆಕ್ಕ ಹಾಕುತ್ತಾ ಕೂತಿದ್ದೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನನ್ನ ಓರಗಿತ್ತಿಗೆ. ಹೋದ ವರ್ಷ ದೊಡ್ಡ ಹಬ್ಬದಲ್ಲಿ, ಅಂದರೆ ದೀಪಾವಳಿಯಲ್ಲಿ, ನೀರು ತುಂಬಿದ ಮರುದಿನ ಬೆಳಿಗ್ಗೆ ಅವಳು ನನಗೆ ಎಣ್ಣೆ ಹಚ್ಚುತ್ತಿದ್ದಳು. ಅಂಗಾಲಿಗೆ ಬಂದಾಗ ಕೈ ನಿಲ್ಲಿಸಿದಳು. ಹಿಮ್ಮಡಿ ಹತ್ತಿರ ಹುಣಸೆಬೀಜದಷ್ಟು ದೊಡ್ಡ ಕಪ್ಪು ಕಲೆ. "ಅಕ್ಕಾ, ಇದೇನಿದು?"

"ಚೊಗರು ಕಣೆ, ಬಿಡು" ಅಂದೆ. ಚೊಗರು ಅಂದರೆ ಅಡಿಕೆ ಬೇಯಿಸಿದ ಬಣ್ಣದ ನೀರು. ಅಡಿಕೆ ಬೇಯಿಸುವ ಹಂಡೆ ಹತ್ತಿರ ಬರಿಗಾಲಲ್ಲಿ ಓಡಾಡುವವರಿಗೆ ಚೊಗರಿನ ಕಲೆ ಹೊಸದಲ್ಲ ಅಲ್ವಾ? ಅವಳು ಬಿಡಲಿಲ್ಲ. ಸೀಗೆಪುಡಿ ಹಾಕಿ ತಿಕ್ಕಿದಳು. ಬಿಸಿನೀರು ಹೊಯ್ದು ಮತ್ತೆ ತಿಕ್ಕಿದಳು. ಎಣ್ಣೆ ಹೋಯಿತು, ಕಲೆ ಹೋಗಲಿಲ್ಲ. "ನಮ್ಮ ಕೊಯ್ಲು ಇನ್ನೂ ಶುರುವೇ ಆಗಿಲ್ಲ. ಹೋದ ವರ್ಷದ ಚೊಗರು ಈ ಹಬ್ಬದ ತನಕ ಇರ್ತದಾ ಅಕ್ಕಾ?" ಅಂತ ಕೇಳಿದಳು. ನನ್ನ ಹತ್ತಿರ ಉತ್ತರ ಇರಲಿಲ್ಲ.

ನಿಜ ಹೇಳಬೇಕೆಂದರೆ ಮಳೆಗಾಲದಲ್ಲೇ ಆ ಜಾಗ ಒಂದೊಂದು ಸಲ ಚುಚ್ಚುತ್ತಿತ್ತು. ಪೇಟೆಯಲ್ಲಿ ಒಬ್ಬರಿಗೆ ತೋರಿಸಿದ್ದೆ. ಆಣಿ ಅಂದರು. ಪಟ್ಟಿ ಹಚ್ಚಿಕೊಂಡು ಸುಮ್ನಿದ್ದೆ. ಹಬ್ಬಕ್ಕೆ ಬಂದ ನೆಂಟರು ಗೇರೆಣ್ಣೆ ಮುಟ್ಟಿಸಿ ಸುಟ್ಟುಬಿಡು ಅಂದರು. ಅಂಗಾಲಲ್ಲಿ ಮಚ್ಚೆ ಇದ್ದರೆ ದೇಶ ಸುತ್ತುವ ಯೋಗ ಅಂದವರೂ ಇದ್ದರು. "ಡಾಕ್ಟರು ನೋಡುವ ತನಕ ಯಾರೂ ಏನೂ ಹಚ್ಚೋದು ಬೇಡ" ಅಂತ ಓರಗಿತ್ತಿ ಗಟ್ಟಿಯಾಗಿ ನಿಂತಳು. ಅದು ಎಷ್ಟು ದೊಡ್ಡ ಉಪಕಾರ ಅಂತ ಆಮೇಲೆ ತಿಳಿಯಿತು. ಸುಟ್ಟಿದ್ದರೆ ಮೇಲಿನ ಕಲೆ ಮಾಸುತ್ತಿತ್ತು, ಒಳಗಿನದು ಉಳಿಯುತ್ತಿತ್ತು. ಪರೀಕ್ಷೆಗೆ ಸರಿಯಾದ ತುಂಡೂ ಸಿಗುತ್ತಿರಲಿಲ್ಲ.

ಎರಡನೆಯದು ಶಿವಮೊಗ್ಗದ ಚರ್ಮದ ಡಾಕ್ಟರಿಗೆ. ದೀಪ ಇರುವ ಸಣ್ಣ ಭೂತಗನ್ನಡಿಯಂಥದ್ದನ್ನು ಅಂಗಾಲಿಗೆ ಒತ್ತಿ ತುಂಬಾ ಹೊತ್ತು ನೋಡಿದರು. ಡರ್ಮೋಸ್ಕೋಪ್ ಅಂತಾರೆ ಅದಕ್ಕೆ. ಆಮೇಲೆ ನನಗೂ ಫೋಟೊ ತೋರಿಸಿದರು. ಅಂಗಾಲಿನ ಚರ್ಮ ಉತ್ತ ಗದ್ದೆಯ ಹಾಗೆ, ಸಾಲು, ದಿಣ್ಣೆ, ಮತ್ತೆ ಸಾಲು. "ಸಾಧಾರಣ ಮಚ್ಚೆಯ ಬಣ್ಣ ಹೆಚ್ಚಾಗಿ ಸಾಲಲ್ಲಿ ನಿಲ್ಲುತ್ತದೆ, ಮಳೆನೀರು ನಿಂತ ಹಾಗೆ. ನಿಮ್ಮದು ದಿಣ್ಣೆ ಮೇಲಿದೆ. ಅದಕ್ಕೇ ನನಗೆ ಅನುಮಾನ" ಅಂದರು. ಇಷ್ಟು ಬಿಡಿಸಿ ಹೇಳುವ ತಾಳ್ಮೆ ಎಲ್ಲರಿಗೂ ಇರುವುದಿಲ್ಲ.

ಮಚ್ಚೆ ಅಂದರೆ ಹೆದರಬೇಡಿ ಅಂತ ಮೊದಲು ಹೇಳಿದವರೂ ಅವರೇ. ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳು, ಅಂದರೆ ಮೆಲನೋಸೈಟ್‌ಗಳು, ಮೈತುಂಬಾ ಚದುರಿ ಇರುತ್ತವೆ. ಅವು ಒಂದೇ ಕಡೆ ಗುಂಪಾಗಿ ಬೆಳೆದರೆ ಮಚ್ಚೆ. ಅಪ್ಪ ಅಮ್ಮನಿಂದ ಬರುವುದು ಒಂದಿಷ್ಟು, ಚಿಕ್ಕಂದಿನಲ್ಲಿ ಬಿದ್ದ ಬಿಸಿಲಿನಿಂದ ಒಂದಿಷ್ಟು. ಬಸುರಿಯಾದಾಗ ಮಚ್ಚೆ ಕಪ್ಪಾಗುವುದೂ ಉಂಟು. ದೊಡ್ಡವರ ಮೈಮೇಲೆ 10ರಿಂದ 40 ಇದ್ದರೆ ವಿಶೇಷವೇನಲ್ಲ. ನನ್ನ ಎಡಗೆನ್ನೆಯ ಮಚ್ಚೆ ಶಾಲೆಯ ದಾಖಲೆಯಲ್ಲೇ ಗುರುತಾಗಿ ಬರೆದಿದೆ. ಅದು ಅವತ್ತು ಹೇಗಿತ್ತೋ ಇವತ್ತೂ ಹಾಗೇ ಇದೆ. ಅಂಥದ್ದಕ್ಕೆ ಚಿಂತೆ ಬೇಡ.

ನೋಡಬೇಕಾದ್ದು ಬದಲಾಗುವ ಮಚ್ಚೆಯನ್ನು. ಒಂದು ಅರ್ಧ ಇನ್ನೊಂದು ಅರ್ಧದ ಹಾಗಿಲ್ಲದಿದ್ದರೆ, ಅಂಚು ಅಂಕುಡೊಂಕಾಗಿದ್ದರೆ, ಒಂದರಲ್ಲೇ ಕಂದು, ಕಪ್ಪು, ಕೆಂಪು ಎಲ್ಲ ಕಂಡರೆ, 6 ಮಿಲಿಮೀಟರಿಗಿಂತ ದೊಡ್ಡದಾದರೆ, ಕೆರೆತ, ರಕ್ತ ಬಂದರೆ ತೋರಿಸಿಬಿಡಿ. 40 ದಾಟಿದ ಮೇಲೆ ಹೊಸದಾಗಿ ಬಂದದ್ದನ್ನೂ ತೋರಿಸಿ. ಮಚ್ಚೆಯ ಕ್ಯಾನ್ಸರ್, ಮೆಲನೋಮಾ, ನಮ್ಮಂಥ ಕಂದು ಚರ್ಮದವರಲ್ಲಿ ತುಂಬಾ ಅಪರೂಪ. ಆದರೆ ಬಂದಾಗ ಹೆಚ್ಚಾಗಿ ಬಿಸಿಲೇ ಬೀಳದ ಅಂಗಾಲು, ಅಂಗೈ, ಉಗುರಿನ ಕೆಳಗೆ ಬರುತ್ತದೆ. ಉಗುರಲ್ಲಿ ಒಂದು ಕಪ್ಪು ಗೆರೆ ಅಗಲವಾಗುತ್ತಾ ಹೋದರೆ ಏಟು ಬಿದ್ದದ್ದು ಅಂತ ಬಿಡಬೇಡಿ. ನಾವು ತೋಟದವರು ಕಾಲಿನ ಕಪ್ಪಿಗೆಲ್ಲ ಚೊಗರು, ಮುಳ್ಳು, ಉಂಬಳ ಕಚ್ಚಿದ್ದು ಅಂತ ಹೆಸರು ಕೊಟ್ಟು ಮುಗಿಸುತ್ತೇವೆ. ಅದಕ್ಕೇ ಇದನ್ನು ಒತ್ತಿ ಹೇಳುತ್ತಿದ್ದೇನೆ.

ಕಲೆಯನ್ನು ತೆಗೆದು ಪರೀಕ್ಷೆಗೆ ಕಳಿಸಿದರು. ರಿಪೋರ್ಟ್ ಬರಲು ಹತ್ತು ದಿನ. ಆ ಹತ್ತು ದಿನ ನಾನು ಊಟ ಮಾಡಿದೆನೋ ಇಲ್ಲವೋ ನೆನಪಿಲ್ಲ. ಮೆಲನೋಮಾ ಹೌದು, ಆದರೆ ದಪ್ಪ 0.6 ಮಿಲಿಮೀಟರ್ ಮಾತ್ರ ಅಂತ ಬಂತು. ಎಷ್ಟು ಆಳಕ್ಕೆ ಇಳಿದಿದೆ ಅನ್ನುವುದರ ಮೇಲೇ ಮುಂದಿನದು ಜಾಸ್ತಿ ನಿಂತಿದೆಯಂತೆ. ಹೀಗೆ ದಪ್ಪ ಅಳೆಯುವ ಕ್ರಮವನ್ನು 1970ರಲ್ಲಿ ತೋರಿಸಿಕೊಟ್ಟವರು ಅಮೆರಿಕದ ಅಲೆಕ್ಸಾಂಡರ್ ಬ್ರೆಸ್ಲೋ ಎಂಬ ಡಾಕ್ಟರು. ಕಾಣದ ಆ ಪುಣ್ಯಾತ್ಮನಿಗೂ ಒಂದು ನಮಸ್ಕಾರ. ಸುತ್ತ ಒಂದು ಸೆಂಟಿಮೀಟರ್ ಚರ್ಮ ಸೇರಿಸಿ ತೆಗೆದು, ತೊಡೆಯ ಚರ್ಮ ಕೂರಿಸಿದರು. ಬೇರೆ ಔಷಧಿ ಬೇಕಾಗಲಿಲ್ಲ.

ಆರು ವಾರ ಕಾಲು ಊರುವ ಹಾಗಿರಲಿಲ್ಲ. ಸರಿಯಾಗಿ ಕೊಯ್ಲಿನ ಹೊತ್ತು. ಮನೆಯವರು ನನ್ನನ್ನು ಬಚ್ಚಲಿಗೆ ಎತ್ತಿಕೊಂಡು ಹೋಗಿದ್ದಾರೆ, ಅದನ್ನು ಬರೆಯಲು ಹೋದರೆ ಕಣ್ಣು ತುಂಬುತ್ತದೆ. ಅಂಗಳದಲ್ಲಿ ಅಡಿಕೆ ರಾಶಿ ಬಿದ್ದಿತ್ತು. ಕೇರಿಯ ಹೆಂಗಸರು ತಮ್ಮ ಮನೆ ಸುಲಿತ ಮುಗಿಸಿ, ರಾತ್ರಿ ಊಟ ಮಾಡಿ, ತಮ್ಮ ತಮ್ಮ ಮೆಟ್ಟುಗತ್ತಿ ಹಿಡಿದುಕೊಂಡು ಬಂದರು. ನಾನು ಒಳಗೆ ದಿಂಬಿನ ಮೇಲೆ ಕಾಲಿಟ್ಟು ಮಲಗಿ, ಕತ್ತಿಯ ಸದ್ದು, ಅವರ ಮಾತು ಕೇಳುತ್ತಿದ್ದೆ. ಹನ್ನೊಂದು ರಾತ್ರಿ ಬಂದಿದ್ದಾರೆ. ಕೂಲಿ ಅಂದರೆ ಬೈದರು. ಮುಯ್ಯಾಳು ಅಂದುಕೋ, ಕಾಲು ಸರಿಯಾದ ಮೇಲೆ ತೀರಿಸು ಅಂದರು.

ಕಾಲು ಸರಿಯಾಗಿದೆ. ಈ ಸಲ ಮೆಟ್ಟುಗತ್ತಿ ಹರಿತ ಮಾಡಿಸಿ ಇಟ್ಟಿದ್ದೇನೆ. ನಿಮ್ಮ ನಿಮ್ಮ ಮನೆಯ ಸುಲಿತ ಯಾವತ್ತು ಅಂತ ಹೇಳಿ ಕಳಿಸಿ, ಬರುತ್ತೇನೆ.