ಲ್ಯಾಬ್‌ಗಳಲ್ಲಿ ನಿಯಂತ್ರಣ ನಕ್ಷೆ ಇರಲಿ

ಕಲಬುರಗಿ ಭಾಗದ ರಕ್ತಪರೀಕ್ಷಾ ಲ್ಯಾಬ್‌ಗಳು ಕಂಟ್ರೋಲ್ ಸೀರಂನ (ಯಂತ್ರ ಸರಿಯಾಗಿ ಅಳೆಯುತ್ತಿದೆಯೇ ಎಂದು ನೋಡಲು ಓಡಿಸುವ ಮಾದರಿ) ಫಲಿತಾಂಶವನ್ನು ರಿಜಿಸ್ಟರ್‌ನಲ್ಲಿ ಬರೆದಿಟ್ಟರಷ್ಟೇ ಸಾಲದು, ಲೆವಿ–ಜೆನಿಂಗ್ಸ್ ನಕ್ಷೆಯಲ್ಲಿ (ಸರಾಸರಿಯ ಮೇಲೆ ಕೆಳಗೆ ಮಿತಿಯ ಗೆರೆಗಳಿರುವ ಗ್ರಾಫ್) ಪ್ರತಿದಿನ ಗುರುತಿಸಬೇಕು. ಮೊದಲು ಅದೇ ಸೀರಂ ಅನ್ನು ಕನಿಷ್ಠ 20 ದಿನ ಪರೀಕ್ಷಿಸಿ ಸರಾಸರಿ, ಮಾನಕ ವಿಚಲನೆ (ಫಲಿತಾಂಶಗಳು ಸರಾಸರಿಯಿಂದ ಎಷ್ಟು ಚದುರುತ್ತವೆ ಎಂಬ ಅಳತೆ) ಕಂಡುಕೊಳ್ಳಬೇಕು. ಗ್ಲೂಕೋಸ್‌ನ ಸರಾಸರಿ 100, ವಿಚಲನೆ 3 ಎಂದಾದರೆ ಎರಡು ವಿಚಲನೆಯಷ್ಟು ದೂರದ 94–106 ಎಚ್ಚರಿಕೆಯ ಗೆರೆ. ಮೂರು ವಿಚಲನೆಯ 91–109 ದಾಟಿದರೆ ರೋಗಿಗಳ ವರದಿಯನ್ನೇ ತಡೆಹಿಡಿಯಬೇಕು.

ಗೆರೆಯೊಳಗಿದ್ದೂ ತಪ್ಪಿರಬಹುದು. ಸತತ 10 ಬಿಂದುಗಳು ಸರಾಸರಿಯ ಒಂದೇ ಬದಿಗೆ ಬಿದ್ದರೆ ಕ್ಯಾಲಿಬ್ರೇಷನ್ (ಯಂತ್ರದ ಅಳತೆ ಹೊಂದಿಸುವಿಕೆ) ಅಥವಾ ಹೊಸ ಲಾಟ್‌ನ ರಿಯೇಜೆಂಟ್ (ಪರೀಕ್ಷೆಗೆ ಬಳಸುವ ರಾಸಾಯನಿಕ) ಮೇಲೆ ಸಂಶಯಪಡಬೇಕು. ದಿನೇದಿನೇ ಒಂದೇ ದಿಕ್ಕಿಗೆ ಸರಿಯುತ್ತಿದ್ದರೆ ಯಂತ್ರದ ದೀಪ ಕ್ಷೀಣಿಸುತ್ತಿರಬಹುದು, ಇಲ್ಲವೇ ರಿಯೇಜೆಂಟ್ ಕೆಡುತ್ತಿರಬಹುದು. ನಮ್ಮ ಬಿಸಿಲಿನಲ್ಲಿ ಕರೆಂಟ್ ಹೋಗಿ ರಿಯೇಜೆಂಟ್ ಇಟ್ಟ ಫ್ರಿಜ್ 8 ಡಿಗ್ರಿಯ ಮಿತಿ ಮೀರುವುದು ಹೊಸದೇನಲ್ಲ. ಅಂಕಿಗಳ ಸಾಲಿನಲ್ಲಿ ಈ ಜಾರುವಿಕೆ ಕಣ್ಣಿಗೆ ಬೀಳದು. ಕಾರಣ ಹುಡುಕದೆ, ಕಂಟ್ರೋಲ್ ಗೆರೆಯೊಳಗೆ ಬರುವವರೆಗೂ ಮತ್ತೆ ಮತ್ತೆ ಓಡಿಸುವುದಂತೂ ಕೆಟ್ಟ ಚಾಳಿ.

ಇದಕ್ಕೆ ಸಾಫ್ಟ್‌ವೇರ್ ಬೇಡ, ಗ್ರಾಫ್ ಹಾಳೆ ಸಾಕು. ಜಿಲ್ಲಾ ಆರೋಗ್ಯಾಧಿಕಾರಿಗಳು ಕೆಪಿಎಂಇ (ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ) ತಪಾಸಣೆಯ ವೇಳೆ ಪ್ರತಿ ಲ್ಯಾಬ್‌ನಿಂದ ಹಿಂದಿನ ತಿಂಗಳ ನಕ್ಷೆಯನ್ನೂ, ಗೆರೆ ದಾಟಿದ ದಿನ ಕೈಗೊಂಡ ಕ್ರಮದ ಟಿಪ್ಪಣಿಯನ್ನೂ ಕೇಳಿ ನೋಡಲಿ.

– ಲ್ಯಾಬ್ ತಂತ್ರಜ್ಞ, ಕಲಬುರಗಿ