ರೊಟ್ಟಿಯ ಬೆಲೆ, ರೊಟ್ಟಿ ಸಿಗುವ ಹೊತ್ತು ಎರಡೂ ಬದಲಾಗುತ್ತಿವೆ

ಪ್ರೀತಿಯ ಗ್ರಾಹಕರೇ,

ನಮಸ್ಕಾರ. ಮುಂದಿನ ತಿಂಗಳ 1ನೇ ತಾರೀಖಿನಿಂದ ಜೋಳದ ರೊಟ್ಟಿ ಒಂದಕ್ಕೆ 1 ರೂಪಾಯಿ ಜಾಸ್ತಿ ಆಗುತ್ತದೆ. ಮೆತ್ತನೆ ರೊಟ್ಟಿ ಇನ್ನು ಬೆಳಿಗ್ಗೆ 8ಕ್ಕೆ ಸಿಗುವುದಿಲ್ಲ, 11 ಗಂಟೆಯ ಮೇಲೆ ಸಿಗುತ್ತದೆ. ಖಡಕ್ ರೊಟ್ಟಿ ಎಂದಿನಂತೆ ಇಡೀ ದಿನ ಇರುತ್ತದೆ. ಶೇಂಗಾ ಚಟ್ನಿ, ಗುರೆಳ್ಳು ಚಟ್ನಿಯ ಬೆಲೆ ಏರಿಸಿಲ್ಲ.

ಜೋಳದ ರೇಟು ಏರಿತಾ ಅಂತ ಕೇಳುತ್ತೀರಿ. ಈ ಸಲ ಕಾರಣ ಬೇರೆ. ರೊಟ್ಟಿ ಬಡಿಯುವ ನಮ್ಮ ಹೆಣ್ಣುಮಕ್ಕಳ ಕೂಸುಗಳಿಗಾಗಿ, ಹಿಂದಿನ ಗೋದಾಮು ಖಾಲಿ ಮಾಡಿ ಒಂದು ಕೋಣೆ ಮಾಡಿದ್ದೇವೆ. ಇಬ್ಬರು ಆಯಾಗಳ ಸಂಬಳ, ಮಕ್ಕಳಿಗೆ ಹಾಲು, ಮೊಟ್ಟೆ, ಬೇಳೆ ಕಿಚಡಿ: ನಿಮ್ಮ ಆ ಒಂದು ರೂಪಾಯಿ ಅಲ್ಲಿಗೆ ಹೋಗುತ್ತದೆ. ಕೋಣೆ ತೆರೆಯುವುದು 8.30ಕ್ಕೆ. ಮಕ್ಕಳನ್ನು ಅಲ್ಲಿ ಬಿಟ್ಟ ಮೇಲೆಯೇ ಒಲೆ ಹಚ್ಚುತ್ತೇವೆ.

ಇಲ್ಲಿವರೆಗೆ ಕೆಲವರು ಕೂಸನ್ನು ಒಲೆಯ ಹತ್ತಿರವೇ ಸೀರೆ ಜೋಲಿಯಲ್ಲಿ ಮಲಗಿಸುತ್ತಿದ್ದರು. ಒಂದು ಕಡೆ ಕುದಿಯುವ ಎಸರು, ಇನ್ನೊಂದು ಕಡೆ ಕಾದ ಹಂಚು, ಮೇಲೆ ಹೊಗೆ. ಉಳಿದವರು ಮನೆಯಲ್ಲಿ ದೊಡ್ಡ ಮಗಳ ಕೈಗೆ ಕೊಟ್ಟು ಬರುತ್ತಿದ್ದರು. ಆ ಹುಡುಗಿಯ ಶಾಲೆ ಅಲ್ಲಿಗೆ ಮುಗೀತು. ಅಂಗನವಾಡಿ ಇದೆಯಲ್ವಾ ಅನ್ನಬಹುದು. ಇದೆ, ಮತ್ತು ಅದರಿಂದ ತುಂಬಾ ಉಪಕಾರ ಆಗಿದೆ. ಆದರೆ ಅಲ್ಲಿ ಕೂರಿಸಿಕೊಂಡು ಕಲಿಸುವುದು 3 ವರ್ಷ ತುಂಬಿದವರಿಗೆ. ಅದಕ್ಕಿಂತ ಚಿಕ್ಕವರಿಗೆ ಆಹಾರವನ್ನು ಮನೆಗೆ ಕೊಟ್ಟು ಕಳಿಸುತ್ತಾರೆ. ನಮಗೆ ಕಷ್ಟ ಇದ್ದದ್ದೇ ಆ ಮೊದಲ ಮೂರು ವರ್ಷ.

ಆ ವರ್ಷಗಳು ಎಷ್ಟು ದೊಡ್ಡವು ನೋಡಿ. ಮಗುವಿನ ಮಿದುಳಿನ ಬೆಳವಣಿಗೆಯಲ್ಲಿ ಶೇ 85ಕ್ಕೂ ಹೆಚ್ಚು 6 ವರ್ಷದೊಳಗೇ ಆಗುತ್ತದೆ ಎಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿಯೇ ಹೇಳುತ್ತದೆ. 1980ರ ದಶಕದಲ್ಲಿ ಜಮೈಕಾದ ಕಿಂಗ್‌ಸ್ಟನ್ ಊರಲ್ಲಿ, ಬಡತನದಿಂದ ಬೆಳವಣಿಗೆ ಕುಂಠಿತವಾಗಿದ್ದ ಕೂಸುಗಳ ಮನೆಗೆ ಆರೋಗ್ಯ ಕಾರ್ಯಕರ್ತೆಯರು ವಾರಕ್ಕೊಮ್ಮೆ ಹೋಗುತ್ತಿದ್ದರು. ಮಗುವಿನ ಜೊತೆ ಹೇಗೆ ಆಡಬೇಕು, ಹೇಗೆ ಮಾತಾಡಬೇಕು ಅಂತ ತಾಯಿಗೆ ತೋರಿಸುವುದೇ ಅವರ ಕೆಲಸ. ಎರಡು ವರ್ಷ ಹೀಗೆ ನಡೆಯಿತು. 20 ವರ್ಷದ ನಂತರ ಆ ಮಕ್ಕಳ ಗಳಿಕೆ, ಈ ಭೇಟಿ ಸಿಗದೆ ಬೆಳೆದ ಅಂಥದೇ ಮಕ್ಕಳಿಗಿಂತ ಶೇ 25ರಷ್ಟು ಜಾಸ್ತಿ ಇತ್ತು. ಈ ಲೆಕ್ಕ ಹಾಕಿದವರಲ್ಲಿ ನೊಬೆಲ್ ಪಡೆದ ಅರ್ಥಶಾಸ್ತ್ರಜ್ಞ ಜೇಮ್ಸ್ ಹೆಕ್ಮನ್ ಕೂಡ ಒಬ್ಬರು.

ಅಲ್ಲಿ ಬಳಸಿದ್ದು ಮನೆಯ ಸಾಮಾನಿನಿಂದ ಮಾಡಿದ ಆಟಿಕೆಗಳು. ನಮ್ಮಲ್ಲೂ ಅಷ್ಟೇ. ಚಟ್ನಿಯ ಹಳೇ ಡಬ್ಬಿಗಳನ್ನು ತೊಳೆದು ಸಾಲಾಗಿ ಇಡುತ್ತಾರೆ. ಯಾವ ಮುಚ್ಚಳ ಯಾವ ಡಬ್ಬಿಗೆ? ಎರಡು ವರ್ಷದ ಪೋರಿ ದೊಡ್ಡ ಮುಚ್ಚಳ ಸಣ್ಣ ಡಬ್ಬಿಗೆ ಒತ್ತುತ್ತಾಳೆ, ಬೀಳುತ್ತದೆ, ಮತ್ತೆ ಒತ್ತುತ್ತಾಳೆ. ಆಯಾ ಕೈ ಹಾಕುವುದಿಲ್ಲ. "ದೊಡ್ಡದು ಯಾವುದವ್ವಾ?" ಅಂತ ಕೇಳುತ್ತಾ ಕೂತಿರುತ್ತಾಳೆ ಅಷ್ಟೇ.

ವ್ಯಾಪಾರಕ್ಕೂ ಇದರಿಂದ ಲಾಭವೇ. ತೆಳ್ಳಗೆ, ಅಂಚು ಒಡೆಯದ ಹಾಗೆ ರೊಟ್ಟಿ ಬಡಿಯುವ ಕೈ ಪಳಗಲು ಬಹಳ ದಿನ ಬೇಕು. ಹೆರಿಗೆ ಆದ ಮೇಲೆ ಕೂಸನ್ನು ಬಿಡಲು ಜಾಗ ಇಲ್ಲದೆ ಅಂಥವರು ಕೆಲಸ ಬಿಟ್ಟರೆ ನಿಮ್ಮ ಆರ್ಡರೂ ನಿಲ್ಲುತ್ತದೆ.

50 ಅಥವಾ ಅದಕ್ಕಿಂತ ಹೆಚ್ಚು ಮಂದಿ ದುಡಿಯುವ ಕಡೆ ಶಿಶುಪಾಲನಾ ಕೋಣೆ ಇರಲೇಬೇಕು ಅಂತ 2017ರಲ್ಲಿ ಹೆರಿಗೆ ಸೌಲಭ್ಯ ಕಾಯ್ದೆಗೆ ಸೇರಿಸಿದರು. ನಾವು ಅಷ್ಟು ಜನ ಇಲ್ಲ. ಆದರೆ ಕೂಸಿಗೆ ಆ ಲೆಕ್ಕ ಗೊತ್ತಾಗುತ್ತದೆಯೇ? ನಮ್ಮ ಗ್ರಾಹಕರಲ್ಲಿ ಹೊಲಿಗೆ ಘಟಕ, ಇಟ್ಟಿಗೆ ಭಟ್ಟಿ, ಖಾನಾವಳಿ ನಡೆಸುವವರಿದ್ದೀರಿ. ಒಬ್ಬರಿಗೇ ಭಾರ ಅನಿಸಿದರೆ ನಾಲ್ಕು ಜನ ಸೇರಿ ಒಂದು ಕೋಣೆ ಮಾಡಿ. ಬಂದು ನಮ್ಮದನ್ನು ನೋಡಿ, ಖರ್ಚಿನ ಪುಸ್ತಕ ತೆರೆದು ತೋರಿಸುತ್ತೇವೆ.

ಮದುವೆ, ಜಾತ್ರೆಗೆ ಈಗಾಗಲೇ ಮುಂಗಡ ಕೊಟ್ಟವರಿಗೆ ಹಳೇ ಬೆಲೆಯೇ. ಬೆಳಗಿನ ತಿಂಡಿಗೆ ಮೆತ್ತನೆ ರೊಟ್ಟಿ ಬೇಕಾದವರು ಹಿಂದಿನ ದಿನ ಸಂಜೆ 5ರೊಳಗೆ ಒಯ್ಯಿರಿ.

ಇಂತಿ,
ನಿಮ್ಮ ರೊಟ್ಟಿ ಸಂಘದ ಸದಸ್ಯೆಯರು