ಕ್ರಿಸ್ಮಸ್ ಪುಡ್ಡಿಂಗ್ ತಯಾರಿಕೆ ಮತ್ತು ಮುಂಗಡ ಬೇಡಿಕೆಯಲ್ಲಿ ಬದಲಾವಣೆ

ಮಾನ್ಯ ಗ್ರಾಹಕರೇ,

ಈ ವರ್ಷದಿಂದ ನಮ್ಮ ಬೇಕರಿಯಲ್ಲಿ ಕ್ರಿಸ್ಮಸ್ ಪುಡ್ಡಿಂಗನ್ನು ಡಿಸೆಂಬರ್ ತಿಂಗಳಲ್ಲಿ ತಯಾರಿಸುವುದಿಲ್ಲ. ಅಡ್ವೆಂಟ್ ಕಾಲಕ್ಕೆ (ಕ್ರಿಸ್ಮಸ್‌ಗೆ ಸಿದ್ಧತೆಯ ಸುಮಾರು ನಾಲ್ಕು ವಾರಗಳಿಗೆ) ಮುಂಚಿನ ಭಾನುವಾರ, ಅಂದರೆ ನವೆಂಬರ್ 20ರಿಂದ 26ರ ನಡುವೆ ಬರುವ ಭಾನುವಾರ, ವರ್ಷಕ್ಕೆ ಒಮ್ಮೆ ಮಾತ್ರ ಕಲಸಿ ಬೇಯಿಸುತ್ತೇವೆ. ಆದ್ದರಿಂದ ಬೇಡಿಕೆಯನ್ನು ಅಕ್ಟೋಬರ್ 31ರೊಳಗೆ ತಿಳಿಸಬೇಕೆಂದು ವಿನಂತಿಸುತ್ತೇವೆ. ಬೆಲೆಯಲ್ಲಿ ವ್ಯತ್ಯಾಸವಿಲ್ಲ.

ಹಬ್ಬದ ಹಿಂದಿನ ದಿನ ಬಂದು ಕೇಳಿದವರಿಗೂ ಇಷ್ಟು ವರ್ಷ ಕೊಟ್ಟವರು ಈಗೇಕೆ ನಿಲ್ಲಿಸುತ್ತಿದ್ದಾರೆ ಎಂದು ತಮಗೆ ಅನ್ನಿಸುವುದು ಸಹಜ. ಈ ತಿನಿಸಿಗೆ ಬೆಂಕಿಯಷ್ಟೇ ಕಾಲವೂ ಬೇಕು ಎಂಬುದೇ ಇದಕ್ಕೆ ಕಾರಣ. ಇಂಗ್ಲೆಂಡಿನಲ್ಲಿ ಇದರ ಪೂರ್ವಜನಾದ ಪ್ಲಮ್ ಪಾಟೇಜ್ ಮಾಂಸದ ಸಾರಿಗೆ ಒಣಹಣ್ಣು, ಮಸಾಲೆ ಮತ್ತು ಬ್ರೆಡ್ ಪುಡಿ ಬೆರೆಸಿ, ಊಟದ ಆರಂಭದಲ್ಲೇ ಬಡಿಸುತ್ತಿದ್ದ ಗಟ್ಟಿ ಗಂಜಿಯಂಥ ಪದಾರ್ಥವಾಗಿತ್ತು. ಕ್ರಮೇಣ ಮಾಂಸ ಮರೆಯಾಗಿ ಸಿಹಿ ಹೆಚ್ಚಿತು. ಹಿಟ್ಟನ್ನು ಬಟ್ಟೆಯಲ್ಲಿ ಕಟ್ಟಿ ಕುದಿಸುವ ಪದ್ಧತಿ ಬಂದ ಮೇಲೆ ಅದು ಗುಂಡಗಿನ ಆಕಾರ ಪಡೆಯಿತು. 1845ರಲ್ಲಿ ಎಲೈಜಾ ಆಕ್ಟನ್ ತಮ್ಮ ಅಡುಗೆ ಪುಸ್ತಕದಲ್ಲಿ 'ಕ್ರಿಸ್ಮಸ್ ಪುಡ್ಡಿಂಗ್' ಎಂಬ ಹೆಸರಿನಲ್ಲೇ ಅದರ ವಿಧಾನವನ್ನು ಕೊಟ್ಟರು.

ನಾವು ಆರಿಸಿಕೊಂಡ ಭಾನುವಾರಕ್ಕೂ ಹಿನ್ನೆಲೆಯಿದೆ. ಆಂಗ್ಲಿಕನ್ ಚರ್ಚಿನ 1549ರ ಪ್ರಾರ್ಥನಾ ಪುಸ್ತಕದಲ್ಲಿ ಆ ದಿನಕ್ಕೆಂದು ಇರುವ ಪ್ರಾರ್ಥನೆ, ಭಕ್ತರ ಮನಸ್ಸನ್ನು ಕಲಕಿ ಎಬ್ಬಿಸೆಂದು ದೇವರನ್ನು ಬೇಡುತ್ತದೆ. 'ಕಲಕು' ಎಂಬ ಆ ಮಾತನ್ನೇ ನೆನಪಿನ ಕರೆಯಾಗಿಸಿಕೊಂಡು ಮನೆಗೆ ಮರಳಿದ ಕುಟುಂಬಗಳು ಪುಡ್ಡಿಂಗ್ ಕಲಸುವ ಕೆಲಸಕ್ಕೆ ತೊಡಗುತ್ತಿದ್ದವು. ಮಕ್ಕಳಾದಿಯಾಗಿ ಪ್ರತಿಯೊಬ್ಬರೂ ಸೌಟು ಹಿಡಿದು, ಶಿಶು ಯೇಸುವನ್ನು ಕಾಣಲು ಬಂದ ಮೂಡಣದ ಜ್ಞಾನಿಗಳ ನೆನಪಿಗಾಗಿ ಪೂರ್ವದಿಂದ ಪಶ್ಚಿಮಕ್ಕೆ ತಿರುಗಿಸಿ, ಮನಸ್ಸಿನಲ್ಲೇ ಒಂದು ಕೋರಿಕೆ ಹೇಳಿಕೊಳ್ಳುತ್ತಿದ್ದರು. ಯೇಸು ಮತ್ತು ಹನ್ನೆರಡು ಶಿಷ್ಯರ ಲೆಕ್ಕದಲ್ಲಿ 13 ಸಾಮಗ್ರಿಗಳನ್ನು ಹಾಕುವ ವಾಡಿಕೆಯೂ ಇತ್ತು. ನಾವೂ ಅಷ್ಟನ್ನೇ ಹಾಕುತ್ತೇವೆ.

ಆ ಭಾನುವಾರ ಆರೇಳು ಗಂಟೆ ಹಬೆಯಲ್ಲಿ ಬೆಂದು ಕಪ್ಪಗಾದ ಪುಡ್ಡಿಂಗ್, ಹಬ್ಬದವರೆಗಿನ ವಾರಗಳಲ್ಲಿ ತಣ್ಣಗಿರುವಾಗ, ದ್ರಾಕ್ಷಿಯ ಸಿಹಿ, ಜಾಯಿಕಾಯಿ, ದಾಲ್ಚಿನ್ನಿ ಮತ್ತು ಬ್ರಾಂಡಿ ಒಂದರೊಳಗೊಂದು ಇಳಿದು ಹದಕ್ಕೆ ಬರುತ್ತದೆ. ಹಿಂದಿನ ದಿನವಷ್ಟೇ ಬೇಯಿಸಿದ್ದರಲ್ಲಿ ಮಸಾಲೆ ಬೇರೆಯಾಗಿ, ಸಿಹಿ ಬೇರೆಯಾಗಿ ನಾಲಿಗೆಗೆ ತಾಗುತ್ತದೆ. ಅಂಥದ್ದನ್ನು ತಮ್ಮ ಮನೆಯ ಹಬ್ಬದೂಟಕ್ಕೆ ಕಳುಹಿಸಲು ನಮಗೆ ಇನ್ನು ಮನಸ್ಸಿಲ್ಲ.

ಉಳಿದ ಕ್ರಮ ಎಂದಿನಂತೆಯೇ ಇರುತ್ತದೆ. ಒಣದ್ರಾಕ್ಷಿ ವಿಜಯಪುರದ್ದು. ಸಾಂಪ್ರದಾಯಿಕವಾದ ದನದ ಕೊಬ್ಬಿನ ಬದಲು ಬೆಣ್ಣೆ ಬಳಸುತ್ತೇವೆ. ಆ ಕೊಬ್ಬು ತಡವಾಗಿ ಕರಗಿ ಪುಡ್ಡಿಂಗನ್ನು ಹಗುರಗೊಳಿಸುವುದರಿಂದ, ನಮ್ಮದು ಅದಕ್ಕಿಂತ ತುಸು ಗಟ್ಟಿಯಾಗಿರುತ್ತದೆ. ಸಿಕ್ಕವರಿಗೆ ವರ್ಷವಿಡೀ ಅದೃಷ್ಟವೆಂದು ಇಂಗ್ಲೆಂಡಿನ ಮನೆಗಳಲ್ಲಿ ಬೆಳ್ಳಿಯ ನಾಣ್ಯವನ್ನು ಒಳಗಿಟ್ಟು ಬೇಯಿಸುತ್ತಿದ್ದರೂ, ಮಕ್ಕಳ ಸುರಕ್ಷತೆಯ ದೃಷ್ಟಿಯಿಂದ ನಾವು ಇಡುವುದಿಲ್ಲ.

ಡಿಸೆಂಬರ್ ಎರಡನೆಯ ವಾರದಿಂದ ಪುಡ್ಡಿಂಗನ್ನು ಅಂಗಡಿಯಲ್ಲಿ ಪಡೆಯಬಹುದು. ಫ್ರಿಜ್‌ನಲ್ಲಿಟ್ಟು, ಹಬ್ಬದ ದಿನ ಬೋಗುಣಿಯ ಸಮೇತ ಇಡ್ಲಿ ಪಾತ್ರೆಯಲ್ಲಿ ಎರಡು ಗಂಟೆ ಹಬೆಗೆ ಇಡಿ; ನೀರು ಇಂಗಿದಂತೆ ಕುದಿಯುವ ನೀರನ್ನೇ ಸೇರಿಸಿ. ಬ್ರಾಂಡಿ ಬೇಡವೆನ್ನುವವರು ಬೇಡಿಕೆ ಕೊಡುವಾಗಲೇ ತಿಳಿಸಿದರೆ ಕಿತ್ತಳೆ ರಸದಲ್ಲಿ ತಯಾರಿಸಿ ಕೊಡುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
ಬೇಕರಿಯ ಬಳಗ